ಹಿತ್ತಲಲ್ಲಿ ತೊಗರಿ ಮೂರು ವರ್ಷ, ಹೊಲದಲ್ಲಿ ಒಂದೇ ವರ್ಷ

ಅಕ್ಕಡಿ ಸಾಲಿನ ತೊಗರಿ ಕೊಯ್ದ ಮೇಲೆ ಗಿಡ ಕಿತ್ತು ಒಲೆಗೆ ಹಾಕೋದು ನಮ್ಮ ಕಡೆಯ ರೂಢಿ. ಒಂದು ವರ್ಷ ಆಳು ಸಿಗದೆ ಬದುವಿನ ಹತ್ತು-ಹನ್ನೆರಡು ಗಿಡ ಹಾಗೇ ಉಳಿದವು. ಮೊದಲ ಮಳೆ ಬಿದ್ದದ್ದೇ ತಡ, ಬುಡದಿಂದ ಚಿಗುರಿ ಮತ್ತೆ ಪೊದೆಯಾದವು. ತೊಗರಿ ವರ್ಷದ ಬೆಳೆ ಅಂತ ತಿಳಿದಿದ್ದ ನನಗೆ ಇದು ಹೊಸ ಪಾಠ. ಅದು ಮೂರ್ನಾಲ್ಕು ವರ್ಷ ಹಸಿರಾಗಿ ನಿಲ್ಲಬಲ್ಲ ಗಿಡ.

ಹುರುಪಿನಲ್ಲಿ ಮರುವರ್ಷ ಹೊಲದ ತೊಗರಿಯನ್ನೂ ಕೀಳದೆ, ಮೊಣಕಾಲೆತ್ತರಕ್ಕೆ ಕಡಿದು ಬಿಟ್ಟೆ. ಅದೇ ತಪ್ಪಾಯ್ತು. ಹಳೇ ಗಿಡಗಳಲ್ಲಿ ಕೆಲವಕ್ಕೆ ಎಲೆ ಸಣ್ಣಗಾಗಿ, ತಿಳಿಹಸಿರು ಮಚ್ಚೆ ಬಂದು, ಹೂವೇ ಬಿಡಲಿಲ್ಲ. ಗೊಡ್ಡು ರೋಗ! ಕಣ್ಣಿಗೆ ಕಾಣದ ನುಸಿ ಇದನ್ನು ಗಾಳಿಯಲ್ಲಿ ಹೊತ್ತೊಯ್ಯುತ್ತದೆ. ಪಕ್ಕದಲ್ಲಿ ಹೊಸದಾಗಿ ಬಿತ್ತಿದ್ದ ತೊಗರಿಗೂ ತಗುಲಿತು. ಆ ವರ್ಷ ಮನೆಗೆ ಬೇಳೆ ಕೊಂಡು ತಂದೆವು.

ಈಗ ಹೊಲದಲ್ಲಿ ಒಂದೇ ವರ್ಷ. ಆದರೆ ಕೀಳೋದಿಲ್ಲ. ಮಣ್ಣು ತುಸು ಸರಿಸಿ ಬುಡವನ್ನು ನೆಲದೊಳಗೇ ಕತ್ತರಿಸುತ್ತೇವೆ, ಬೇರು ಅಲ್ಲೇ ಕೊಳೆಯಲಿ ಅಂತ. ಮೂರು ವರ್ಷದ ಗಿಡ ಹಿತ್ತಲಲ್ಲಿ ಮಾತ್ರ, ಆರೇ ಆರು. ಗೊಡ್ಡು ಕಂಡರೆ ಅದೇ ದಿನ ಕಿತ್ತು ಸುಡೋದು.

ಬೇರಿನ ಗಂಟುಗಳು ಪಕ್ಕದ ಬೆಳೆಗೆ ಸಾರಜನಕ ಊಡಿಸುತ್ತವೆ ಅಂತ ಭಾಷಣದಲ್ಲಿ ಕೇಳಿದ್ದೆ. ಹಾಗೆ ನೇರವಾಗಿ ಸಿಗೋದು ತೀರಾ ಕಡಿಮೆ. ಹಿಡಿದದ್ದನ್ನು ಗಿಡ ಮೊದಲು ತಾನೇ ಬಳಸಿಕೊಳ್ಳುತ್ತದೆ. ಉದುರಿದ ಎಲೆ, ಸತ್ತ ಬೇರು ಕೊಳೆತ ಮೇಲಷ್ಟೇ ಮಿಕ್ಕವಕ್ಕೆ ಪಾಲು. ಗಂಟು ಕೆಲಸ ಮಾಡ್ತಿದೆಯಾ ನೋಡಬೇಕಾ? ಹೂ ಬಿಡುವ ಮುಂಚೆ ಒಂದು ಗಿಡ ಅಗೆದು, ಗಂಟು ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಸರಿ.

ನಮ್ಮಂಥ ಕೆಂಪು ಮಣ್ಣಿಗೆ ಇನ್ನೊಂದು ಲಾಭ ಉಂಟು. ಈ ಮಣ್ಣಿನ ಕಬ್ಬಿಣ ರಂಜಕವನ್ನು ಕಟ್ಟಿಹಾಕಿರುತ್ತದೆ. ತೊಗರಿ ಬೇರು ಪಿಸಿಡಿಕ್ ಎಂಬ ಆಮ್ಲ ಬಿಟ್ಟು ಅದನ್ನು ಬಿಡಿಸಿಕೊಳ್ಳುತ್ತದೆ ಅಂತ ಹೈದರಾಬಾದ್ ಹತ್ತಿರದ ಇಕ್ರಿಸಾಟ್ ವಿಜ್ಞಾನಿಗಳು 1990ರಲ್ಲಿ ತೋರಿಸಿಕೊಟ್ಟರು.

ಜೊತೆಗೆ ಏನು ಹಾಕಬೇಕು? ಮೊದಲ ಎರಡು ತಿಂಗಳು ತೊಗರಿ ಮೇಲೆ ಏಳೋದೇ ನಿಧಾನ, ಬೇರು ಇಳಿಸ್ತಾ ಇರುತ್ತದೆ. ಆ ಹೊತ್ತಿಗೆ ರಾಗಿ, ಅಲಸಂದೆ ಮುಂದೆ ಹೋಗಿರುತ್ತವೆ. ರಾಗಿ ಕೊಯ್ದ ಮೇಲೆ ತೊಗರಿ ಕೈಕಾಲು ಚಾಚುತ್ತದೆ. ಸೊರಗು ರೋಗದ ಹೊಲವಾದರೆ ಜೋಳದ ಜೊತೆ ಹಾಕಿ, ರೋಗ ಕಡಿಮೆಯಾಗುತ್ತದೆ. ಹಿತ್ತಲ ಎರಡನೇ ವರ್ಷದ ಗಿಡದ ನೆರಳಲ್ಲಿ ರಾಗಿ ಚೆಲ್ಲಿ ನೋಡಿದೆ, ತೆನೆ ಜೊಳ್ಳಾಯ್ತು. ಈಗ ಅಲ್ಲಿ ಅರಿಸಿನ ಇದೆ, ಚೆನ್ನಾಗೇ ಬರ್ತಿದೆ. ನೀರು ಮಾತ್ರ ನಿಲ್ಲಬಾರದು, ನಿಂತರೆ ಎರಡೂ ಹೋದಂತೆ.

ಹಿತ್ತಲ ಗಿಡದ ಹಸಿಕಾಯಿ ಮಾರೋದಿಲ್ಲ. ಉಪ್ಸಾರಿಗೇ ಸಾಲದು. ಸವರಿದ ಸೊಪ್ಪು ಆಡಿಗೆ, ಕಡ್ಡಿ ಒಲೆಗೆ.