ಎರ್ರಗುಡಿಯ ಬಂಡೆಗಳು: ನಿಧಿಯ ಕಥೆ ಮತ್ತು ಅಶೋಕನ ಬರಹ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಪತ್ತಿಕೊಂಡ ಸೀಮೆಯ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿ ಜನರು ತಲೆತಗ್ಗಿಸಿ ವಜ್ರ ಹುಡುಕುತ್ತಾರೆ. ಅಶೋಕನ ಕಾಲದ ಐಶ್ವರ್ಯ ಇಲ್ಲಿ ಹೂತಿದೆಯೆಂದು ಕೆಲವರು ಹೇಳಿದರೆ, ಅದು ಕೃಷ್ಣದೇವರಾಯನ ಭಂಡಾರವೆಂದು ಮತ್ತೆ ಕೆಲವರು ಹೇಳುವುದುಂಟು. ಮೇಲ್ಮಣ್ಣು ಮಳೆಗೆ ಕೊಚ್ಚಿಹೋದಾಗ ನೆಲದೊಳಗಿನ ಹರಳುಗಳು ಮೇಲೆ ಕಾಣುತ್ತವೆ ಎಂಬುದು ಭೂವಿಜ್ಞಾನದ ವಿವರಣೆ. ಆದರೂ ಜನಕಥೆಯಲ್ಲಿ ಅಶೋಕನ ಹೆಸರು ಬರುವುದು ನಿರಾಧಾರವಲ್ಲ.

ಗುತ್ತಿಯಿಂದ ಪತ್ತಿಕೊಂಡಕ್ಕೆ ಬರುವ ದಾರಿಯಲ್ಲಿ, ಎರ್ರಗುಡಿಯ ಬಳಿಯ ಗುಡ್ಡದ ಬಂಡೆಗಳ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಗಳಿವೆ. 1920ರ ದಶಕದ ಕೊನೆಯಲ್ಲಿ ಇವನ್ನು ಗುರುತಿಸಿದವರು ಅನು ಘೋಷ್ ಎಂಬ ಭೂವಿಜ್ಞಾನಿ. ಹದಿನಾಲ್ಕು ಮಹಾಶಾಸನಗಳೂ ಲಘುಶಾಸನಗಳೂ ಒಂದೇ ಎಡೆಯಲ್ಲಿರುವುದು ಇದರ ಹಿರಿಮೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇಂದಿನ ಕನ್ನಡ, ತೆಲುಗು ಲಿಪಿಗಳೆರಡೂ ಆ ಬ್ರಾಹ್ಮಿಯಿಂದಲೇ ಬೆಳೆದುಬಂದವು. ಲಘುಶಾಸನದ ಸಾಲುಗಳಲ್ಲಿ ಕೆಲವು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಸಾಗುತ್ತವೆ. ಹೊಲ ಉಳುವ ಎತ್ತು ಸಾಲಿನ ತುದಿಯಲ್ಲಿ ತಿರುಗುವಂತೆ ಅಕ್ಷರಗಳೂ ತಿರುಗುತ್ತವೆ. ಲಿಪಿಕಾರನು ಹೀಗೇಕೆ ಬರೆದನೋ!

ನಿಧಿಯ ಗುರುತು ಈ ಬರಹದಲ್ಲಿಲ್ಲ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ತಿರುಳು. ಅಧಿಕಾರಿಗಳು ಇದನ್ನು ಭೇರಿ ಬಾರಿಸಿ ಊರವರಿಗೆ ತಿಳಿಸಬೇಕು. ಆನೆ ಪಳಗಿಸುವವರು, ಲಿಪಿಕಾರರು, ಬ್ರಾಹ್ಮಣ ಗುರುಗಳು ಮೊದಲಾದವರು ತಮ್ಮ ಶಿಷ್ಯರಿಗೆ ಹಳೆಯ ಸಂಪ್ರದಾಯದಂತೆ ಕಲಿಸಬೇಕು ಎಂಬ ಆಜ್ಞೆಯೂ ಇದೆ. ಮಕ್ಕಳ ಪಾಠದ ಕುರಿತು ನಮ್ಮ ನೆಲದಲ್ಲಿ ಉಳಿದಿರುವ ಅತಿ ಹಳೆಯ ರಾಜಾಜ್ಞೆಗಳಲ್ಲಿ ಇದೂ ಒಂದೆನ್ನಬಹುದು.

ಇದಕ್ಕೂ ಹತ್ತಿರದ ಇನ್ನೊಂದು ಶಾಸನ ಪತ್ತಿಕೊಂಡ ಮಂಡಲದ ರಾಜುಲಮಂದಗಿರಿಯಲ್ಲಿ, ರಾಮಲಿಂಗೇಶ್ವರ ದೇವಾಲಯದ ಬಳಿಯ ತಗ್ಗಾದ ಬಂಡೆಯ ಮೇಲಿದೆ. ಅಕ್ಷರಗಳು ಬಹಳ ಸವೆದಿವೆ. ಎರ್ರಗುಡಿಯ ಪಾಠದೊಡನೆ ಹೋಲಿಸಿಯೇ ವಿದ್ವಾಂಸರು ಅದನ್ನು ಓದಿದ್ದಾರೆ.

ಗಡಿಯ ಆಚೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯನ್ನು ಹಳ್ಳಿಯವರು 'ಅಕ್ಷರಗುಂಡು' ಎಂದು ಕರೆಯುತ್ತಿದ್ದರು. ಅದನ್ನು ತೊಳೆದ ನೀರಿಗೆ ಔಷಧಗುಣವಿದೆಯೆಂದು ನಂಬಿದ್ದರು. ಓದಲು ಬಾರದಿದ್ದರೂ ಅಕ್ಷರಕ್ಕೆ ಮಹಿಮೆಯಿದೆಯೆಂಬ ಆ ನಂಬಿಕೆ ಬಂಡೆಯನ್ನು ಒಂದಿಷ್ಟು ಕಾದಿರಲೂಬಹುದು. ಸಮೀಪದ ಜಟಿಂಗ ರಾಮೇಶ್ವರದ ಬಂಡೆಗೆ ಆ ಭಾಗ್ಯವಿರಲಿಲ್ಲ. ಅದು 'ಬಳೆಗಾರ ಗುಂಡು' ಆಯಿತು. ಜಾತ್ರೆಗೆ ಬಂದ ಬಳೆಗಾರರು ಚಪ್ಪರದ ಕಂಬಗಳಿಗಾಗಿ ಬಂಡೆಯಲ್ಲಿ ಕುಳಿ ತೋಡಿದರು, ಶಾಸನದ ಬಹುಭಾಗ ಕಾಲ್ತುಳಿತಕ್ಕೆ ಸವೆಯಿತು.

ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯ ರಾಜಕುಮಾರನ ಹೆಸರಿನಲ್ಲಿ ಹೊರಟದ್ದು. ಆ ಸುವರ್ಣಗಿರಿ ನಮ್ಮ ಜೊನ್ನಗಿರಿಯೇ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ರಾಯಚೂರು ಸೀಮೆಯ ಮಸ್ಕಿ, ಕನಕಗಿರಿಗಳ ಕಡೆಗೆ ಬೊಟ್ಟುಮಾಡುವವರೂ ಇದ್ದಾರೆ. ಎರ್ರಗುಡಿಗೆ ಹೋಗುವವರು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಹೋಗುವುದು ಒಳಿತು. ಆಗ ಅಕ್ಷರಗಳ ನೆರಳು ಬಿದ್ದು ಸಾಲುಗಳು ಕಾಣುತ್ತವೆ. ಸುಣ್ಣದಕಡ್ಡಿಯಿಂದ ತಿದ್ದಿ ನೋಡುವ ಅಗತ್ಯವೇ ಬೀಳದು.