ಸಾಲದ ಸಾಲಿನಲ್ಲಿ ಕೊನೆಗೆ ನಿಂತವರು

1991ರ ಜುಲೈ ಮೊದಲ ವಾರ. ಮಂಡ್ಯ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ನೀರು. ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಹೊರಡಿಸಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂದು ಹೇಳಿತ್ತು. ಮಂಡ್ಯ ದಾಟಿ ಮೈಸೂರಿನ ಕಡೆಗೆ ಹೊರಟರೆ ಸಿಗುವ ಯಲಿಯೂರಿನಂಥ ಊರುಗಳಲ್ಲಿ “ಕಟ್ಟೇಲಿ ಎಷ್ಟಡಿ ಅದೆ?” ಎಂಬುದು ದಿನದ ಮೊದಲ ಪ್ರಶ್ನೆ. ಕನ್ನಂಬಾಡಿಯ 124.80 ಅಡಿಯ ಲೆಕ್ಕ ಇಲ್ಲಿ ಮಕ್ಕಳಿಗೂ ಬಾಯಿಪಾಠ.

ಅದೇ ವಾರ ದಿಲ್ಲಿಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಜುಲೈ 1ರಂದು ಒಮ್ಮೆ, 3ರಂದು ಮತ್ತೊಮ್ಮೆ ರೂಪಾಯಿಯ ಬೆಲೆ ಇಳಿಸಿದರು. ಡಾಲರಿಗೆ 21 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 26ರ ಹತ್ತಿರಕ್ಕೆ ಹೋಯಿತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಮುಂಬಯಿಯಲ್ಲಿ ವಿಮಾನ ಹತ್ತಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಒತ್ತೆಯಾಗಿ ಹೋಯಿತು. ಇದಕ್ಕೂ ಮೊದಲು, ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಸ್ ಬ್ಯಾಂಕೊಂದಕ್ಕೆ, ಮರಳಿ ಕೊಳ್ಳುವ ಷರತ್ತಿನ ಮೇಲೆ, ಮಾರಿಯಾಗಿತ್ತು. ಬಿತ್ತನೆಗೆ ದುಡ್ಡಿಲ್ಲದ ಮನೆಯವರು ಹೆಂಡತಿಯ ಸರ ಗಿರವಿ ಇಟ್ಟಂತೆ ದೇಶ ತನ್ನ ಚಿನ್ನ ಇಟ್ಟಿತು. ಸರ ಬಿಡಿಸಿಕೊಳ್ಳುವ ದುಡ್ಡು ಯಾರ ಜೇಬಿನಿಂದ ಬಂತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳಲಿಲ್ಲ.

ಬಿಕ್ಕಟ್ಟು ಹುಟ್ಟಿದ ಬಗೆ ಗೊತ್ತಿರುವಂಥದ್ದೇ. ಎಂಬತ್ತರ ದಶಕವಿಡೀ ಸರ್ಕಾರ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿತ್ತು, ಕೊನೆಕೊನೆಗೆ ಅಲ್ಪಾವಧಿಯ ವಿದೇಶಿ ಸಾಲದ ಮೇಲೆ ದಿನ ದೂಡುತ್ತಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿತು. ಎಣ್ಣೆಯ ಬೆಲೆ ಏರಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕಡಿಮೆಯಾಯಿತು, ಹೊರದೇಶದ ಭಾರತೀಯರು ಇಲ್ಲಿಟ್ಟಿದ್ದ ಠೇವಣಿ ವಾಪಸ್ ತೆಗೆದರು. ದಿಲ್ಲಿಯಲ್ಲಿ ಸರ್ಕಾರಗಳು ಬಿದ್ದು ಎದ್ದು, ಫೆಬ್ರವರಿಯಲ್ಲಿ ಮಂಡಿಸಬೇಕಾದ ಪೂರ್ಣ ಬಜೆಟ್ಟೂ ಆಗಲಿಲ್ಲ. ಕೊನೆಗೆ ಉಳಿದದ್ದು ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಡಾಲರು.

ಆದರೂ ಭಾರತ ಒಂದು ಕಂತನ್ನೂ ತಪ್ಪಿಸಲಿಲ್ಲ. ಇದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೂಬೇಕು. ಆದರೆ ಸರ್ಕಾರ ಕೊಡಬೇಕಾದವರು ಲಂಡನ್, ಟೋಕಿಯೊದವರು ಮಾತ್ರವಲ್ಲ. ಕೈ ಬಿಗಿಯಾದಾಗ ದೂರದ ಸಾಲಗಾರನಿಗೆ ತಪ್ಪದ ಮಾತು ಹತ್ತಿರದವನಿಗೆ ತಪ್ಪುತ್ತದೆ. ಅದನ್ನು ದಿವಾಳಿ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಯಲಿಯೂರಿನ ಸುತ್ತಿನ ಗದ್ದೆಗಳಿಗೆ ಆ ಬಿಸಿ ಬಂದದ್ದು ಗೊಬ್ಬರದ ಚೀಲದಲ್ಲಿ. ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ಟು ರಸಗೊಬ್ಬರದ ಬೆಲೆಯನ್ನು ಶೇ 40ರಷ್ಟು ಏರಿಸಿತು. ಗದ್ದಲವೆದ್ದ ಮೇಲೆ ಆಗಸ್ಟಿನಲ್ಲಿ ಅದು ಶೇ 30ಕ್ಕೆ ಇಳಿಯಿತು, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಎಂದೂ ಹೇಳಿದರು. ಟನ್ನಿಗೆ 2,350 ರೂಪಾಯಿ ಇದ್ದ ಯೂರಿಯಾ 3,060 ಆಯಿತು. ಸೊಸೈಟಿಯ ಮುಂದೆ ನಿಂತವನ ಲೆಕ್ಕದಲ್ಲಿ ಹೇಳುವುದಾದರೆ 118 ರೂಪಾಯಿಯ ಚೀಲಕ್ಕೆ 153. ನಿಜವಾದ ಪೆಟ್ಟು ಬಿದ್ದದ್ದು ಮರುವರ್ಷ. 1992ರ ಆಗಸ್ಟ್‌ನಲ್ಲಿ ಯೂರಿಯಾ ಬೆಲೆಯನ್ನು ಒಂದಿಷ್ಟು ಇಳಿಸಿ, ಡಿಎಪಿ ಮತ್ತು ಪೊಟ್ಯಾಷ್ ಮೇಲಿನ ಬೆಲೆ ನಿಯಂತ್ರಣವನ್ನೇ ತೆಗೆದರು. ಪೊಟ್ಯಾಷ್ ಪೂರ್ತಿ ಹೊರದೇಶದ ಮಾಲು. ಡಾಲರಿಗೆ ಐದು ರೂಪಾಯಿ ಹೆಚ್ಚಾದದ್ದು ಏನೆಂದು ರೈತನಿಗೆ ತಿಳಿದದ್ದು ಆಗಲೇ. ಟನ್ನಿಗೆ 1,700 ರೂಪಾಯಿ ಇದ್ದದ್ದು 4,500ರ ಆಸುಪಾಸಿಗೆ ಹಾರಿತು.

ರೈತ ಏನು ಮಾಡಿಯಾನು? ಅಗ್ಗದ ಯೂರಿಯಾ ಜಾಸ್ತಿ ಸುರಿದ, ದುಬಾರಿ ಪೊಟ್ಯಾಷ್ ಬಿಟ್ಟ. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆಯ ಪ್ರಮಾಣ 1991-92ರಲ್ಲಿ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು. ಆಲೆಮನೆಯವರನ್ನು ಕೇಳಿದರೆ ಅಂಕಿ ಬೇಕಿಲ್ಲ. ಯೂರಿಯಾ ಮಿತಿಮೀರಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಎಷ್ಟು ಕುದಿಸಿದರೂ ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ, ಅಚ್ಚಿನಿಂದ ತೆಗೆದರೆ ಮೆತ್ತಗೆ, ಬಣ್ಣ ಕಪ್ಪು, ಮಂಡ್ಯದ ಮಾರುಕಟ್ಟೆಯಲ್ಲಿ ಬೆಲೆ ಕಮ್ಮಿ. ವಿದೇಶಿ ವಿನಿಮಯದ ಬಿಕ್ಕಟ್ಟು ಬೆಲ್ಲದ ಬಣ್ಣದಲ್ಲಿ ಕಂಡಿದ್ದನ್ನು ಯಾವ ಅರ್ಥಶಾಸ್ತ್ರಜ್ಞನೂ ಬರೆದಂತಿಲ್ಲ. ಕಾವೇರಿಯ ಗಲಾಟೆ 1991ರ ಡಿಸೆಂಬರಿನವರೆಗೂ ಉರಿಯಿತು, ಹೀಗಾಗಿ ಚಿನ್ನಕ್ಕೂ ಗೊಬ್ಬರದ ಚೀಲಕ್ಕೂ ಇದ್ದ ನಂಟು ಕಾಣದೆ ಹೋಯಿತು.

ಸರ್ಕಾರದ ಸಾಲದ ಹೊರೆ ರೈತನ ಮೇಲೆ ಬೀಳುವುದು ಈ ಸೀಮೆಗೆ ಹೊಸದೇನೂ ಅಲ್ಲ. 1991ಕ್ಕೂ ನೂರರವತ್ತು ವರ್ಷ ಹಿಂದೆ ಮೈಸೂರು ರಾಜ್ಯವೇ ಬಾಕಿಯ ಹೆಸರಿನಲ್ಲಿ ಕೈತಪ್ಪಿತ್ತು. 1799ರ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಪೊಗದಿ ಕೊಡಬೇಕಿತ್ತು. ಕೊಡುವುದು ತಪ್ಪಿದರೆ ಮಾತ್ರವಲ್ಲ, ತಪ್ಪೀತು ಎಂಬ ಅನುಮಾನ ಬಂದರೂ ರಾಜ್ಯವನ್ನು ಕಂಪನಿ ವಶಕ್ಕೆ ತೆಗೆದುಕೊಳ್ಳಬಹುದು ಎಂಬ ಕಲಮು ಅದರಲ್ಲಿತ್ತು. ದಿವಾನ್ ಪೂರ್ಣಯ್ಯ ಬಿಟ್ಟುಹೋದ ತುಂಬಿದ ಖಜಾನೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಕರಗಿತು. ಹಣ ಕೂಡಿಸಲು ‘ಷರತ್ತು’ ಪದ್ಧತಿ ಬಂತು. ತಾಲ್ಲೂಕಿನ ಅಮಲ್ದಾರ ಇಂತಿಷ್ಟು ಕಂದಾಯ ತಂದೇ ತರುತ್ತೇನೆಂದು ಒಪ್ಪಿಕೊಳ್ಳಬೇಕು, ಕಮ್ಮಿಯಾದರೆ ಕೈಯಿಂದ ತುಂಬಬೇಕು. ಅಮಲ್ದಾರ ಕೈಯಿಂದ ತುಂಬಿದ್ದುಂಟೆ? ರೈತನನ್ನು ಹಿಂಡಿದ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದರು. 1831ರ ಅಕ್ಟೋಬರ್‌ನಲ್ಲಿ ವಿಲಿಯಂ ಬೆಂಟಿಂಕ್ ರಾಜ್ಯಭಾರವನ್ನು ಕಿತ್ತುಕೊಂಡ. ಮೂರು ವರ್ಷದಲ್ಲೇ ಅವನಿಗೇ ಆ ನಿರ್ಧಾರದ ಬಗ್ಗೆ ಅನುಮಾನ ಬಂದು, ರಾಜ್ಯದ ಒಂದು ಭಾಗವನ್ನಾದರೂ ಮರಳಿಸೋಣ ಎಂದು ಬರೆದ. ಲಂಡನ್ ಒಪ್ಪಲಿಲ್ಲ. ಮರಳಿ ಬರಲು ಐವತ್ತು ವರ್ಷ ಹಿಡಿಯಿತು.

ಖಜಾನೆ ಬರಿದಾದಾಗ ಕೈ ಎಲ್ಲೆಲ್ಲಿಗೆ ಚಾಚುತ್ತದೆ ಎಂಬುದಕ್ಕೆ ಲೂಯಿಸ್ ರೈಸ್ ಅವರ ಗೆಜೆಟಿಯರ್ ಒಂದು ಪಟ್ಟಿ ಕೊಡುತ್ತದೆ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳು 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲ ಎಂದು ಒಂದು ಹಳ್ಳಿಯವರು ತಲೆಮಾರುಗಟ್ಟಲೆ ತೆತ್ತಿದ್ದರಂತೆ. ಇವೆಲ್ಲ ಕಂಪನಿಯ ಪೊಗದಿಗಾಗಿಯೇ ಹುಟ್ಟಿದವಲ್ಲ, ಎಷ್ಟೋ ಹಳೆಯವು. ಆದರೆ ಒಮ್ಮೆ ಹುಟ್ಟಿದ ತೆರಿಗೆ ತಾನಾಗಿ ಸಾಯುವುದಿಲ್ಲ, ಖಜಾನೆ ಖಾಲಿ ಇದ್ದಾಗಲಂತೂ ಇಲ್ಲವೇ ಇಲ್ಲ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ 1876-78ರ ಬರದ ಹೊಡೆತಕ್ಕೆ ಸಿಕ್ಕ ಖಜಾನೆಯಲ್ಲಿ ಉಳಿದಿದ್ದು 80 ಲಕ್ಷ ರೂಪಾಯಿ ಸಾಲ. ಆ ಸಾಲದ ನಡುವೆಯೇ ದಿವಾನ್ ರಂಗಾಚಾರ್ಲು ಬೆಂಗಳೂರಿನಿಂದ ಮೈಸೂರಿಗೆ ರೈಲು ತಂದರು. ಕೆಲವೇ ವರ್ಷಗಳಲ್ಲಿ ಆ ಹಳಿಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒತ್ತೆ ಮಾಡಿ ಇಂಗ್ಲೆಂಡಿನಲ್ಲಿ 12 ಲಕ್ಷ ಪೌಂಡ್ ಸಾಲ ಎತ್ತಿದರು. ಯಲಿಯೂರು ಸ್ಟೇಷನ್ನಿನ ಮುಂದೆ ಹಾಯುವ ಇದೇ ಹಾದಿ ಒಂದು ಕಾಲದಲ್ಲಿ ಅಡವಿನ ಆಸ್ತಿ. ಪೊಗದಿಯೂ ನಿಲ್ಲಲಿಲ್ಲ, 1896ರಿಂದ 35 ಲಕ್ಷಕ್ಕೆ ಏರಿತು. ಏರಿಸಿದ್ದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಡುವುದಾಗಿ 1927ರಲ್ಲಿ ಘೋಷಿಸಿದವರು ವೈಸರಾಯ್ ಇರ್ವಿನ್. ಮಂಡ್ಯಕ್ಕೆ ನೀರು ತಂದ ನಾಲೆಗೂ ಮೊದಲು ಇಟ್ಟದ್ದು ಅವರದೇ ಹೆಸರು. ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ.

ನಾಲೆಯ ಹಿಂದೆಯೇ ಕಬ್ಬು ಬಂತು, ಕಬ್ಬಿನ ಹಿಂದೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಬಹುಪಾಲು ಷೇರು ಸರ್ಕಾರದ್ದು, ಜೊತೆಗೆ ಸಾವಿರಾರು ರೈತರದ್ದು. ಇಲ್ಲಿನವರಿಗೆ ಅದು ‘ಮೈಶುಗರ್’. ಸಾಲ ಕೊಟ್ಟವನು ಯಾರು, ತೀರಿಸಬೇಕಾದವನು ಯಾರು ಎಂಬ ಪ್ರಶ್ನೆ ಇಲ್ಲಿ ತಲೆಕೆಳಗಾಗುತ್ತದೆ. ರೈತ ಕಟಾವು ಮಾಡಿ, ಗಾಡಿ ತುಂಬಿ, ತೂಕದ ಚೀಟಿ ಹಿಡಿದು ಹೊರಬಂದ ಕ್ಷಣದಿಂದ ಸರ್ಕಾರಿ ಕಂಪನಿಗೆ ಸಾಲ ಕೊಟ್ಟವನು ಅವನೇ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದಲ್ಲಿ ಕಬ್ಬಿನ ಬಿಲ್ ಪಾವತಿಯಾಗಬೇಕು, ತಡವಾದರೆ ಶೇ 15 ಬಡ್ಡಿ. ಬಿಲ್ಲು ಬರುವುದೇ ತಡವಾದಾಗ ಬಡ್ಡಿಯ ಮಾತೆತ್ತುವ ಧೈರ್ಯ ಯಾರಿಗಿದೆ? ಮುಂದಿನ ಹಂಗಾಮಿಗೂ ಕಟಾವಿನ ಪರ್ಮಿಟ್ ಅದೇ ಕಾರ್ಖಾನೆಯಿಂದಲೇ ಬರಬೇಕು.

ಮನೆಯ ಲೆಕ್ಕದಲ್ಲಿ ಕಬ್ಬಿನ ಬಿಲ್ಲಿಗೆ ಬರುವ ಮುನ್ನವೇ ಹಕ್ಕುದಾರರಿರುತ್ತಾರೆ. ಸೊಸೈಟಿಯ ಬೆಳೆಸಾಲ, ಗೊಬ್ಬರದ ಅಂಗಡಿಯ ಉದ್ದರಿ, ಮಗಳ ಪಿಯುಸಿ ಮುಗಿದಿದ್ದರೆ ಕಾಲೇಜಿನ ಸೀಟು. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಶುರುವಾದಾಗಿನಿಂದ ಎಷ್ಟು ಹಳ್ಳಿ ಹುಡುಗರ ಫೀಸು ಕಬ್ಬಿನ ಬಿಲ್ಲಿನಿಂದ ಹೋಗಿದೆಯೋ! ಬಿಲ್ಲು ತಡವಾದರೆ ಕಾಲೇಜು ಕಾಯುವುದಿಲ್ಲ. ಕೈಸಾಲ ಎತ್ತಬೇಕು, ಅದಕ್ಕೂ ಗತಿಯಿಲ್ಲದಿದ್ದರೆ ಮೀಟರ್ ಬಡ್ಡಿ. ಹೀಗೆ ಸರ್ಕಾರದ ಬಾಕಿ ಸದ್ದಿಲ್ಲದೆ ಮನೆಯ ಬಾಕಿಯಾಗುತ್ತದೆ, ಬಡ್ಡಿಯ ದರ ಮಾತ್ರ ಮೂರ್ನಾಲ್ಕು ಪಟ್ಟು. 2015ರ ಜೂನ್‌ನಲ್ಲಿ ಈ ಜಿಲ್ಲೆಯ ರೈತರೊಬ್ಬರು ತಮ್ಮ ಕಬ್ಬಿನ ಗದ್ದೆಗೆ ಬೆಂಕಿಯಿಟ್ಟು ಅದರೊಳಗೇ ಬಿದ್ದು ಸತ್ತರು. ಆಮೇಲೆ ಮೈಶುಗರ್ ಕೆಲವು ವರ್ಷ ಗಾಣ ನಿಲ್ಲಿಸಿ ಕೂತಿತ್ತು. ಖಾಸಗಿಯವರಿಗೆ ಕೊಡುವ ಮಾತು ಬಂದು, ಚಳವಳಿ ನಡೆದು, 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯಲು ಶುರುಮಾಡಿತು. ಕಾರ್ಖಾನೆಯ ಹೆಸರಿನ ಶಾಲೆಯ ಶಿಕ್ಷಕರ ಸಂಬಳದ ಬಾಕಿಯೂ ಈಚೆಗೆ ಸುದ್ದಿಯಾಯಿತು.

ಸರ್ಕಾರ ಹಣ ಕೊಡುವ ಸರದಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಅಧಿಕಾರಿಯ ಮರ್ಜಿ ಎಂದುಕೊಂಡರೆ ತಪ್ಪು. ಅದು ಸಂವಿಧಾನದಲ್ಲೇ ಬರೆದಿದೆ. ರಾಜ್ಯದ ಸಾಲದ ಬಡ್ಡಿ, ಅಸಲು ತೀರಿಸುವ ಖರ್ಚು 202ನೇ ವಿಧಿಯ ಪ್ರಕಾರ ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದ್ದು. ಶಾಸಕರು ಅದರ ಬಗ್ಗೆ ಮಾತಾಡಬಹುದು, ಮತಕ್ಕೆ ಹಾಕುವಂತಿಲ್ಲ. ವಿದ್ಯಾರ್ಥಿವೇತನ, ಹಾಸ್ಟೆಲ್ ಊಟ, ಬೆಳೆ ಪರಿಹಾರ ಇವೆಲ್ಲ ಮತಕ್ಕೆ ಬರುವ ಬಾಬತ್ತುಗಳು. ಮಂಜೂರಾದ ಮೇಲೂ ಅನುದಾನ ‘ಬಿಡುಗಡೆ’ಯಾಗಬೇಕು. ಹೀಗಿರುವುದರಿಂದಲೇ ಸರ್ಕಾರಕ್ಕೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ, ಇದು ನಿಜ. ಆ ಸಾಲದಿಂದಲೇ ನಾಲೆ, ರಸ್ತೆ, ಶಾಲೆ ಆಗುವುದೂ ನಿಜ. ಬಾಂಡು ಕೊಂಡವನು ಮಾತ್ರ ನಿಶ್ಚಿಂತೆಯಿಂದ ಮಲಗುತ್ತಾನೆ.

ಆ ಸರದಿ ಪೂರ್ತಿ ಕುಸಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಶ್ರೀಲಂಕಾ ತೋರಿಸಿತು. ಡಾಲರ್ ಉಳಿಸುವ ಆತುರವೂ ಸೇರಿ 2021ರಲ್ಲಿ ರಸಗೊಬ್ಬರದ ಆಮದು ನಿಲ್ಲಿಸಿದರು, ಭತ್ತ ನೆಲ ಕಚ್ಚಿತು. 2022ರ ಮಾರ್ಚ್‌ನಲ್ಲಿ ಕಾಗದ ತರಿಸಲು ದುಡ್ಡಿಲ್ಲದೆ ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ವಿದೇಶಿ ಸಾಲ ಕಟ್ಟುವುದಿಲ್ಲ ಎಂದು ಸರ್ಕಾರ ಘೋಷಿಸಿದ್ದು ಏಪ್ರಿಲ್ 12ರಂದು. ಮಕ್ಕಳ ಪರೀಕ್ಷೆ ನಿಂತ ಮೇಲೆಯೇ ಬಾಂಡಿನವರ ಕಂತು ನಿಂತದ್ದು.

ಕರ್ನಾಟಕ ಅಂಥ ಅಂಚಿನಲ್ಲಿಲ್ಲ. ಸಾಲಕ್ಕೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲೇ ಮಾಡಿದ, ದೇಶದಲ್ಲಿ ಮೊದಲ ರಾಜ್ಯ ಇದು. ಸಾಲ ಕಣ್ಣಿಗೆ ಬೀಳದಂತೆ ಎತ್ತುವ ಜಾಣತನವೂ ಇಲ್ಲಿಯದೇ. ಕೃಷ್ಣಾ ಭಾಗ್ಯ ಜಲ ನಿಗಮ 1994ರಲ್ಲಿ, ಕಾವೇರಿ ನೀರಾವರಿ ನಿಗಮ 2003ರಲ್ಲಿ ಹುಟ್ಟಿದವು. ನಿಗಮ ಸಾಲ ಎತ್ತುತ್ತದೆ, ಸರ್ಕಾರ ಜಾಮೀನು ನಿಲ್ಲುತ್ತದೆ, ಬಜೆಟ್ ಪುಸ್ತಕದ ಮುಖ್ಯ ಪುಟದಲ್ಲಿ ಆ ಅಂಕಿ ಕಾಣುವುದಿಲ್ಲ. ನಾಲೆಗೆ ಸಿಮೆಂಟು ಹಾಕಿದ ಗುತ್ತಿಗೆದಾರ ಮಾತ್ರ ಬಿಲ್ ಬಾಕಿ ಎಂದು ಬೆಂಗಳೂರಿಗೆ ಓಡಾಡುತ್ತಾನೆ, ಅವನ ಹತ್ತಿರ ಕೆಲಸ ಮಾಡಿದ ಗಾರೆಯವನು ಅವನ ಮನೆಗೆ ಓಡಾಡುತ್ತಾನೆ.

ಆ ಗಾರೆಯವನ ಮಗಳ ಕತೆಯೂ ಈಚಿನದೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ 2021ರ ಅಧಿಸೂಚನೆಯಂತೆ ಶೈಕ್ಷಣಿಕ ಸಹಾಯಧನ ಕೊಡುತ್ತಿತ್ತು. ಅದು ಬಜೆಟ್ಟಿನ ಭಿಕ್ಷೆಯಲ್ಲ, ಕಟ್ಟಡಗಳ ಮೇಲಿನ ಸೆಸ್‌ನಿಂದ ಬಂದ ಹಣ. 2023ರ ಅಕ್ಟೋಬರಿನಲ್ಲಿ ಅದರ ಮೊತ್ತವನ್ನು ತೀರಾ ಇಳಿಸಿದರು. ಉನ್ನತ ಶಿಕ್ಷಣದಲ್ಲಿದ್ದ ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋಗಿ, ಹಳೆಯ ಅಧಿಸೂಚನೆಯಂತೆಯೇ ಕೊಡಬೇಕೆಂಬ ಆದೇಶ ತಂದರು. ಬಾಂಡು ಕೊಂಡವರು ಬಡ್ಡಿಗಾಗಿ ವಕೀಲರನ್ನು ಹಿಡಿಯಬೇಕಾದ ಪ್ರಸಂಗ ಈ ರಾಜ್ಯದಲ್ಲಿ ಬಂದಿಲ್ಲ.