ಕಿವಿ ಹಿಂಡಿದರೆ ಹೃದಯಕ್ಕೆ ಬುದ್ಧಿ ಬರುತ್ತದೆಯೇ?

ನಮ್ಮ ಷಡ್ಡಕರು ರಿಟೈರ್ ಆದಾಗ ಮಗ ಅವರ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿದ. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಕಾಫಿಗೂ ಮೊದಲು ಬಾಲ್ಕನಿಯಲ್ಲಿ ಕೂತು, ಎಡಗಿವಿಯ ಒಳಗುಳಿಯನ್ನು ಐದು ನಿಮಿಷ ಒತ್ತುತ್ತಾರೆ. ಆಮೇಲೆ ವಾಚನ್ನು ನನ್ನ ಮೂಗಿನ ಹತ್ತಿರ ತಂದು, ‘ನೋಡ್ರೀ, ಎಚ್‌ಆರ್‌ವಿ 26 ಇದ್ದದ್ದು 35 ಆಯ್ತು. ಹಾರ್ಟ್ ಪಾಯಿಂಟ್ ಅಂದ್ರೆ ಸುಮ್ನೆ ಅಲ್ಲ’ ಅನ್ನುತ್ತಾರೆ.

ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬ ಲೆಕ್ಕವೇ ಈ ಎಚ್‌ಆರ್‌ವಿ. ಆರೋಗ್ಯವಂತ ಹೃದಯ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುವುದಿಲ್ಲ. ಉಸಿರು ಎಳೆದುಕೊಂಡಾಗ ಕೊಂಚ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರಿಳಿತದ ಲಗಾಮು ಬಹುಪಾಲು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೈಯಲ್ಲಿದೆ.

ಇನ್ನು ಕಿವಿಯ ಆ ಹಾರ್ಟ್ ಪಾಯಿಂಟಿಗೆ ಬರೋಣ. ಕಿವಿ ಒತ್ತುವುದು ಐದು ಸಾವಿರ ವರ್ಷದ ವಿದ್ಯೆ ಎಂದು ನಮ್ಮವರು ನಂಬಿದ್ದಾರೆ. ಆದರೆ ಕಿವಿಯ ಮೇಲೆ ಇಡೀ ದೇಹವನ್ನು ತಲೆಕೆಳಗಾದ ಭ್ರೂಣದ ಹಾಗೆ ಚಿತ್ರಿಸುವ ನಕ್ಷೆ 1950ರ ದಶಕದ್ದು. ಬರೆದವರು ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಪಾಲ್ ನೋಜಿಯೆ. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆಂದು ನಾಟಿವೈದ್ಯರಿಂದ ಕಿವಿಗೆ ಬರೆ ಹಾಕಿಸಿಕೊಂಡು ಬಂದ ರೋಗಿಗಳನ್ನು ನೋಡಿ ಅವರಿಗೆ ಇದು ಹೊಳೆಯಿತು. ತಮಾಷೆಯೆಂದರೆ, ಚೀನೀ ನಕ್ಷೆಯಲ್ಲಿ ಹೃದಯ ಕಿವಿಯ ಬಟ್ಟಲಿನೊಳಗಿದೆ. ಯುರೋಪಿನ ನಕ್ಷೆಯಲ್ಲಿ ಅದರ ಹೊರಗಿನ ದಿಣ್ಣೆಯ ಮೇಲಿದೆ. ಹೃದಯವೇ ಎರಡು ಕಡೆ ಮನೆ ಮಾಡಿಕೊಂಡರೆ ಹೆಬ್ಬೆರಳು ಯಾವ ಬಾಗಿಲು ತಟ್ಟಬೇಕು?

ಈ ನಂಬಿಕೆಯನ್ನು ಪೂರ್ತಿ ನಕ್ಕು ತಳ್ಳಿಹಾಕಲೂ ಆಗದ ಹಾಗೆ ಒಂದು ನಿಜ ಅದರೊಳಗೆ ಸಿಕ್ಕಿಕೊಂಡಿದೆ. ವೇಗಸ್ ನರದ ಒಂದು ಸಣ್ಣ ಕವಲು ನಿಜವಾಗಿಯೂ ಹೊರಕಿವಿಗೆ ಬರುತ್ತದೆ. ಕಿವಿಗೆ ಬಡ್ ಹಾಕಿದರೆ ಕೆಲವರಿಗೆ ಕೆಮ್ಮು ಬರುವುದು ಅದರಿಂದಲೇ. ಆ ಕವಲಿಗೆ ಜರ್ಮನಿಯ ಅಂಗರಚನಾ ತಜ್ಞ ಆರ್ನಾಲ್ಡ್ ಅವರ ಹೆಸರಿಟ್ಟಿದ್ದಾರೆ. ಆದರೆ ಆ ಕವಲು ಸುದ್ದಿ ಒಯ್ಯುವುದು ಮಿದುಳಿಗೆ, ನೇರ ಹೃದಯಕ್ಕಲ್ಲ. ಮಿದುಳು ಆ ಸುದ್ದಿ ಕೇಳಿ ಹೃದಯಕ್ಕೆ ಏನಾದರೂ ಹೇಳುತ್ತದೆಯೇ ಎಂಬುದೇ ಪ್ರಶ್ನೆ.

ಅದನ್ನು ಪರೀಕ್ಷಿಸಿದ್ದಾರೆ, ಅದೂ ಹೆಬ್ಬೆರಳಿನಿಂದಲ್ಲ, ಕರೆಂಟಿನಿಂದ. ವೇಗಸ್ ಕವಲು ಇರುವ ಜಾಗಕ್ಕೇ ವಿದ್ಯುತ್ ಸ್ಪಂದನ ಕೊಟ್ಟು, ಹೋಲಿಕೆಗೆ ಸುಳ್ಳು ಚಿಕಿತ್ಸೆಯನ್ನೂ ಕೊಟ್ಟು ಎಚ್‌ಆರ್‌ವಿ ಅಳೆದ 16 ಪ್ರಯೋಗಗಳನ್ನು 2021ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಟ್ಟು 477 ಜನ. ನಿಜದ್ದಕ್ಕೂ ಸುಳ್ಳಿನದ್ದಕ್ಕೂ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಕರೆಂಟಿಗೇ ಅಲುಗದ ಸಂಖ್ಯೆ ನಮ್ಮ ಷಡ್ಡಕರ ಹೆಬ್ಬೆರಳಿಗೆ ಅಲುಗಿತೇ? ಕಿವಿ ಒತ್ತಿ ಎಚ್‌ಆರ್‌ವಿ ಏರಿತೆಂದು ಹೇಳುವ ಸಣ್ಣಪುಟ್ಟ ಅಧ್ಯಯನಗಳು ಇಲ್ಲವೆಂದಲ್ಲ. ಆದರೆ ಅವುಗಳಲ್ಲಿ ಬೇರೆ ಗುಂಪಿಗೆ ಬೇರೆ ಜಾಗ ಒತ್ತಿ ಹೋಲಿಸಿದ್ದಾರೆಯೇ ಎಂದು ಮೊದಲು ನೋಡಿ.

ಹಾಗಾದರೆ 26 ಹೇಗೆ 35 ಆಯಿತು? ಐದು ನಿಮಿಷ ಮಾತಿಲ್ಲದೆ, ಫೋನಿಲ್ಲದೆ ಕೂತದ್ದಕ್ಕೆ. ಕೂತವರ ಉಸಿರು ತಾನಾಗಿ ನಿಧಾನವಾಗುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯದ ಏರಿಳಿತ ಹೆಚ್ಚಿತು. ದೇವರು ಬೇರೆ, ಭಾಷೆ ಬೇರೆ, ಉಸಿರು ಒಂದೇ. ಅಲ್ಲಿ ಯಾರ ಕಿವಿಯನ್ನೂ ಯಾರೂ ಮುಟ್ಟಿರಲಿಲ್ಲ.

ಇನ್ನೊಂದು ವಿಷಯ ಹೇಳಿದರೆ ನಮ್ಮ ಷಡ್ಡಕರಿಗೆ ಸಿಟ್ಟು ಬರುತ್ತದೆ: ಅವರು ಕಿವಿ ಒತ್ತುವುದು ವಾಚ್ ಕಟ್ಟಿದ ಕೈಯಿಂದಲೇ. ವಾಚ್ ನಾಡಿ ಹಿಡಿಯುವುದು ಚರ್ಮದ ಮೇಲೆ ಬೆಳಕು ಬಿಟ್ಟು. ಮಣಿಕಟ್ಟು ಅಲುಗಿದರೆ ಅದು ಬಡಿತ ತಪ್ಪಿ ಎಣಿಸುತ್ತದೆ, ತಪ್ಪೆಣಿಕೆ ಎಚ್‌ಆರ್‌ವಿಯನ್ನು ಸಲೀಸಾಗಿ ಏರಿಸಿಬಿಡುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಕಾಯಿಲೆಯಲ್ಲಿ ಎಚ್‌ಆರ್‌ವಿ ಭರ್ಜರಿಯಾಗಿಯೇ ಇರುತ್ತದೆ.

ಕಿವಿ, ಹೃದಯದ ಬಗೆಗಿನ ಉಳಿದ ನಂಬಿಕೆಗಳು ಒಂದೊಂದು ಮಾತಿಗೆ ಮುಗಿಯುತ್ತವೆ. ಕಿವಿಹಾಲೆಯ ಮೇಲಿನ ಓರೆಗೆರೆಗೂ ಹೃದ್ರೋಗಕ್ಕೂ ಸಂಬಂಧ ಕಂಡದ್ದು ನಿಜ, 1973ರಿಂದ ಅದರ ಮಾತಿದೆ. ಆದರೆ ವಯಸ್ಸಾದಂತೆ ಗೆರೆಯೂ ಬರುತ್ತದೆ, ಕಾಯಿಲೆಯೂ ಬರುತ್ತದೆ, ಗೆರೆ ತೀಡಿದರೆ ರಕ್ತನಾಳ ತೆರೆಯುವುದಿಲ್ಲ. ಓಲೆ ಹಾಕಿದ ಹೆಂಗಸರಿಗೆ ಹೃದಯಾಘಾತ ಆಗುವುದಿಲ್ಲ ಎನ್ನುವವರು ಯಾವುದಾದರೂ ಹೃದ್ರೋಗ ವಾರ್ಡಿಗೆ ಒಮ್ಮೆ ಹೋಗಿಬರಲಿ. ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತಾ ಕೂತರೆ ಬದುಕುತ್ತೀರಿ ಎಂಬ ಫಾರ್ವರ್ಡ್ ಇವೆಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಆಂಬುಲೆನ್ಸಿನ ಸಮಯ ತಿನ್ನುತ್ತದೆ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಆ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ಭಯ ಹುಟ್ಟಿದ ಮನೆಯಲ್ಲಿ ಬಿ.ಪಿ. ಮಾತ್ರೆ ಬಿಟ್ಟು ಕಿವಿ ಹಿಡಿಯುವ ಧೈರ್ಯ. ನಮ್ಮ ಷಡ್ಡಕರು ಬಿ.ಪಿ. ನೋಡಿಸಿ ಎರಡು ವರ್ಷವಾಯಿತು. ‘ವಾಚ್ ಇದೆಯಲ್ರೀ’ ಅನ್ನುತ್ತಾರೆ. ಅವರ ವಾಚ್ ಬಿ.ಪಿ. ನೋಡುವುದಿಲ್ಲ.

ಹೋದ ಭಾನುವಾರ ಹಟ ಹಿಡಿದು ಒಂದು ಪರೀಕ್ಷೆ ಮಾಡಿಸಿದೆ. ಕಿವಿ ಬಿಡಿ, ವಾಚಿಲ್ಲದ ಕೈಯಿಂದ ಮೊಣಕಾಲು ಒತ್ತಿಕೊಂಡು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ ಎಂದೆ. ಕೂತರು. ವಾಚ್ 37 ತೋರಿಸಿತು. ನಾನು ಗೆದ್ದೆ ಅಂದುಕೊಂಡೆ.

ಅವರು ಮೊಣಕಾಲನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು: ‘ಏ, ಇಲ್ಬಾರೇ, ಮೊಣಕಾಲಲ್ಲೂ ಒಂದು ಪಾಯಿಂಟ್ ಸಿಕ್ತು!’